ಹದಿನೇಳನೆಯ ಕ್ಯಾನು

"ಮಾಮ, ಅವರಿಗೆ ಎಂತಕ್ಕೆ ಬೇರೆ ದಾರಿ?"

ಕಳೆದ ಬೇಸಿಗೆ ರಜೆಯಲ್ಲಿ, ಬೆಂಗಳೂರಿನ ಕಡೆಯ ಒಂದು ಪಾರ್ಕಿನಲ್ಲಿ, ಅಕ್ಕನ ಮಗ ಕೇಳಿದ್ದು. ರೋಲರ್ ಕೋಸ್ಟರಿನ ಕ್ಯೂನಲ್ಲಿ ನಾವು ಮುಕ್ಕಾಲು ಗಂಟೆ ನಿಂತಾಗಿತ್ತು. ಉಡುಪಿಯಿಂದ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿಯಲ್ಲಿ ಹೊಟ್ಟೆ ತೊಳಸಿಕೊಂಡು ಬಂದವರು ನಾವು. ಕಂಬಿಯ ಆಚೆ ಇನ್ನೊಂದು ಸಾಲು. ಸಾಲು ಅಂತ ಹೆಸರಿಗೆ. ಅಲ್ಲಿ ಯಾರೂ ನಿಂತಿರಲಿಲ್ಲ. ಒಂದು ಸಂಸಾರ ಪಾಪ್‌ಕಾರ್ನ್ ತಿನ್ನುತ್ತಾ ನಡೆದು ಬಂತು. ಬಾಗಿಲ ಹುಡುಗ ನಮಗೆ ಕೈ ಅಡ್ಡ ಹಿಡಿದು ಅವರನ್ನು ಒಳಗೆ ಬಿಟ್ಟ.

"ಅವರು ಜಾಸ್ತಿ ದುಡ್ಡು ಕೊಟ್ಟಿದ್ದಾರೆ" ಅಂದೆ.

"ನಾವು ಯಾಕೆ ಕೊಡಲಿಲ್ಲ?"

ಇದಕ್ಕೆ ನನ್ನ ಹತ್ತಿರ ತತ್ವದ ಉತ್ತರ ಒಂದಿತ್ತು, ನಿಜವಾದ ಉತ್ತರ ಇನ್ನೊಂದಿತ್ತು. ಎರಡನ್ನೂ ಹೇಳದೆ "ನೀರು ಕುಡಿ" ಅಂದೆ.

ಆ ಗಾಡಿಯಲ್ಲಿರುವುದು ಲೆಕ್ಕದ ಸೀಟು. ಯಾರೋ ದುಡ್ಡು ಜಾಸ್ತಿ ಕೊಟ್ಟರೆಂದು ಸೀಟು ಹೆಚ್ಚುವುದಿಲ್ಲ, ಗಾಡಿ ಜೋರಾಗಿ ಓಡುವುದೂ ಇಲ್ಲ. ಹಾಗಾದರೆ ಅವರಿಗೆ ಉಳಿದ ಅರ್ಧ ಗಂಟೆ ಎಲ್ಲಿಂದ ಬಂತು? ನಮ್ಮಿಂದ. ಮಾರಿದ್ದು ನಮ್ಮ ಹೊತ್ತು, ದುಡ್ಡು ಮಾತ್ರ ಪಾರ್ಕಿನವರಿಗೆ. ಬಿಸಿಲಿಗೆ ನಿಂತದ್ದಕ್ಕೆ ನಮಗೊಂದು ಕಮಿಷನ್ ಆದರೂ ಬೇಡವಾ ಮಾರಾಯ್ರೆ?

ಅಮೆರಿಕದ ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ಶುರು ಮಾಡಿದಾಗ ಅದು ಪುಕ್ಕಟೆ. ಮಿಷನ್ನಿಗೆ ಟಿಕೆಟ್ ತೂರಿಸಿದರೆ ಒಂದು ಚೀಟಿ. ಅದರಲ್ಲಿ ಬರೆದ ಹೊತ್ತಿಗೆ ಬಂದರೆ ಸಣ್ಣ ಕ್ಯೂ. ಅಂದರೆ ನಿಮ್ಮ ಬದಲು ಚೀಟಿ ನಿಲ್ಲುತ್ತದೆ, ನೀವು ತಿರುಗಾಡಿಕೊಂಡಿರಿ. ಇದನ್ನು ಹೊಸ ಉಪಾಯ ಎನ್ನುವವರನ್ನು ಒಮ್ಮೆ ನಮ್ಮೂರಿನ ಸೊಸೈಟಿಗೆ ಕರೆದುಕೊಂಡು ಹೋಗಬೇಕಿತ್ತು.

ಅಲ್ಲಿ ನಮ್ಮ ಬದಲು ಚಿಮಿಣಿ ಎಣ್ಣೆಯ ಕ್ಯಾನುಗಳು ನಿಲ್ಲುತ್ತಿದ್ದವು. ಎಣ್ಣೆ ಬರುವ ದಿನ ಬೆಳಕು ಹರಿಯುವ ಮೊದಲೇ ಸಾಲು ಶುರು. ಬಿಳಿ ಕ್ಯಾನು, ನೀಲಿ ಕ್ಯಾನು, ಮುಚ್ಚಳ ಕಳೆದುಹೋಗಿ ಬಾಯಿಗೆ ತೊಟ್ಟೆ ಕಟ್ಟಿಸಿಕೊಂಡ ಕ್ಯಾನು. ಅವುಗಳ ಯಜಮಾನರೆಲ್ಲ ಹಲಸಿನ ಮರದಡಿ. ಹೆಂಗಸರು ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಗಂಡಸರು ಎಲೆ ಅಡಿಕೆ ಹಾಕಿಕೊಂಡು, ಮಳೆ ಯಾವಾಗ ಬರುತ್ತದೆಂದು ಮಾತಾಡುತ್ತಿದ್ದರು. ಒಮ್ಮೆ ಒಬ್ಬರು ಕ್ಯಾನು ಮರೆತು ಬಂದು ಕಲ್ಲು ಇಟ್ಟು ಹೋದರು. ಕ್ಯಾನಿನ ಜಾಗ ಕಲ್ಲಿಗೂ ಉಂಟಾ, ಇಲ್ಲವಾ ಅಂತ ಅರ್ಧ ಗಂಟೆ ಗಲಾಟೆ. ಕೊನೆಗೆ ಒಬ್ಬ ಮುದುಕಿ, "ಎಣ್ಣೆಯನ್ನೂ ಕಲ್ಲಿಗೇ ಹೊಯ್ಯಿಸಿಕೊಂಡು ಹೋಗಲಿ" ಅಂದದ್ದೇ ತೀರ್ಪಾಯಿತು.

ನಮ್ಮದು ಐದು ಲೀಟರಿನ ನೀಲಿ ಕ್ಯಾನು. ಅಜ್ಜಿಯ ಹೆಸರಿನ ಮೊದಲ ಅಕ್ಷರ ಕೆಂಪು ಪೈಂಟಿನಲ್ಲಿ. ಒಂದು ಸಲ ಅದನ್ನು ಇಟ್ಟು ಎಣಿಸಿದ್ದೆ: ಹದಿನೇಳನೆಯದು. ಗೋಲಿ ಆಡಿ ಬಂದು ನೋಡಿದರೆ ಆರನೆಯದು. ಹನ್ನೊಂದು ಕ್ಯಾನು ತುಂಬಿ ಹೋಯಿತೇನೋ ಅಂದರೆ ಬಾಗಿಲೇ ತೆರೆದಿಲ್ಲ! ಮುಂದಿನ ತಿಂಗಳೂ ಹಾಗೇ. ನಮ್ಮ ಕ್ಯಾನಿಗೆ ಕಾಲು ಉಂಟು ಅಂತ ಬಹಳ ದಿನ ನಂಬಿದ್ದೆ. ಎಣ್ಣೆ ಅಳೆಯುವವರ ಮನೆಗೆ ವರ್ಷವೂ ನಮ್ಮ ಮನೆಯಿಂದ ಒಂದು ಭರಣಿ ಮಿಡಿ ಉಪ್ಪಿನಕಾಯಿ ಹೋಗುತ್ತಿತ್ತು ಅಂತ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. "ಲಂಚ ಅಲ್ವಾ ಅಜ್ಜಿ?" ಅಂದರೆ, "ಲಂಚ ಎಂತದು? ಅವರಿಗೆ ನಮ್ಮ ಉಪ್ಪಿನಕಾಯಿ ಅಂದರೆ ಇಷ್ಟ" ಅಂದಿದ್ದರು.

2021ರಲ್ಲಿ ಡಿಸ್ನಿಯವರು ಪುಕ್ಕಟೆ ಪಾಸು ನಿಲ್ಲಿಸಿ ಅದಕ್ಕೆ ದುಡ್ಡು ತೆಗೆದುಕೊಳ್ಳಲು ಶುರು ಮಾಡಿದರು. ಉಪ್ಪಿನಕಾಯಿ ಭರಣಿಯ ಪಕ್ಕ ರೇಟು ಬೋರ್ಡು ನೇತುಹಾಕಿದ ಹಾಗೆ. ಅಜ್ಜಿಗಾದರೂ ಸ್ವಲ್ಪ ನಾಚಿಕೆ ಇತ್ತು, ಹನ್ನೊಂದು ಮನೆಯವರಿಗೆ ಗೊತ್ತಾಗದ ಹಾಗೆ ನಡೆಸುತ್ತಿದ್ದರು. ಪಾರ್ಕಿನಲ್ಲಿ ನಮಗೆ ಕಾಣುವ ಹಾಗೇ ನಡೆಸುತ್ತಾರೆ. ಕಂಡರೆ ತಾನೇ ಹೊಟ್ಟೆ ಉರಿಯುವುದು, ಉರಿದರೆ ತಾನೇ ಮುಂದಿನ ಸಲ ಟಿಕೆಟ್ ಮಾರುವುದು?

ಕಾಯುವುದಕ್ಕೂ ಒಂದು ಮರ್ಯಾದೆ ಇದೆ ಅಂತ ಹುಡುಗನಿಗೆ ತಿಳಿಸಲು ಹೋದೆ. ಕೃಷ್ಣ ಮಠದ ಪೂಜೆ ಎಂಟು ಮಠಗಳಿಗೆ ಎರಡೆರಡು ವರ್ಷದ ಸರದಿ. ಒಮ್ಮೆ ಪರ್ಯಾಯ ಮುಗಿಸಿದವರಿಗೆ ಮತ್ತೆ ಸರದಿ ಬರಬೇಕಾದರೆ 14 ವರ್ಷ ಕಾಯಬೇಕು, ನೋಡು ಅಂದೆ.

"ಅಲ್ಲಿ ರೋಲರ್ ಕೋಸ್ಟರ್ ಉಂಟಾ?"

ಅಂತೂ ಹತ್ತಿದೆವು. ಎರಡು ನಿಮಿಷವೂ ಇರಲಿಲ್ಲ. ಅದರಲ್ಲೂ ನಾನು ಕಣ್ಣು ಮುಚ್ಚಿದ್ದೆ. ಇಳಿದು ಬಂದರೆ ಮುಂದಿನ ಆಟದ ಕ್ಯೂ ಐಸ್ ಕ್ರೀಂ ಅಂಗಡಿ ದಾಟಿ, ಕಕ್ಕಸಿನ ಬಾಗಿಲವರೆಗೆ ಬಂದಿತ್ತು. ಹುಡುಗ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದ. ಇಷ್ಟೆಲ್ಲ ಬೈದ ಬಾಯಿಯಲ್ಲೇ ಫಾಸ್ಟ್ ಟಿಕೆಟ್ ಎಲ್ಲಿ ಕೊಡುತ್ತಾರೆಂದು ವಿಚಾರಿಸಿದೆ.

ಅಲ್ಲಿಯೂ ಒಂದು ಕ್ಯೂ. ತಲೆ ಎಣಿಸಿದೆ. ನಾನು ಹದಿನೇಳನೆಯವನು. ಮಧ್ಯಾಹ್ನದ ಬುತ್ತಿಯ ಜೊತೆ ಅಕ್ಕ ಕಟ್ಟಿಕೊಟ್ಟಿದ್ದ ಮಿಡಿ ಉಪ್ಪಿನಕಾಯಿಯನ್ನು, ಹೊರಗಿನ ತಿಂಡಿ ಬಿಡುವುದಿಲ್ಲ ಅಂತ ಬೆಳಿಗ್ಗೆ ಗೇಟಿನಲ್ಲೇ ತೆಗೆದಿಟ್ಟುಕೊಂಡಿದ್ದರು.