ಅರ್ಜಿ ಹಾಕುವುದಕ್ಕೇ ಇಷ್ಟೊಂದು ಸಮಜಾಯಿಷಿ ಕೊಡಬೇಕೇ?

ಅಮೆರಿಕದ ಬಿಸಿನೆಸ್ ಸ್ಕೂಲುಗಳಿಗೆ ಎಂಬಿಎ ಅರ್ಜಿ ತುಂಬುವ ಕೆಲಸದಲ್ಲಿ ನನ್ನ ನಾಲ್ಕು ತಿಂಗಳು ಕಳೆದಿವೆ. ಪ್ರವೇಶ ಪರೀಕ್ಷೆಯ ಬಗ್ಗೆ ನನ್ನ ತಕರಾರಿಲ್ಲ. ಜಿಮ್ಯಾಟ್‌ಗಾಗಿ ಬೆಳಗಿನ ಐದಕ್ಕೆ ಎದ್ದು ಓದಿ, 64 ಪ್ರಶ್ನೆಗಳನ್ನು ಎರಡೂಕಾಲು ಗಂಟೆಯಲ್ಲಿ ಮುಗಿಸಿ ಬಂದಿದ್ದೇನೆ. ಅದು ಎಲ್ಲರಿಗೂ ಒಂದೇ ಪರೀಕ್ಷೆ, ಬಂದಷ್ಟು ಅಂಕ ನನ್ನದು. ನನಗೆ ಮೈಯುರಿಯುವುದು ಅರ್ಜಿಯ ಮೇಲೆ. ನನ್ನ ಹೆಸರು, ನನ್ನ ಅಂಕಗಳು, ನಮ್ಮ ಆಫೀಸಿನ ರೀತಿನೀತಿ ಎಲ್ಲವನ್ನೂ ಅವರ ಖಾನೆಗಳ ಅಳತೆಗೆ ಕತ್ತರಿಸಿ ಕೂರಿಸುವ ಹೊಣೆಯೂ ನನ್ನದೇ, ಅದಕ್ಕೆ ತಗಲುವ ಖರ್ಚೂ ನನ್ನದೇ.

ಮೊದಲ ಪುಟದ ಮೊದಲ ಖಾನೆಯಲ್ಲೇ ಎಡವಿದೆ. ಅಲ್ಲಿ ಸರ್‌ನೇಮ್ ಕಡ್ಡಾಯ, ನಮ್ಮ ವಂಶದಲ್ಲಿ ಯಾರಿಗೂ ಸರ್‌ನೇಮ್ ಎಂಬುದೇ ಇಲ್ಲ. ಇರುವುದು ಎರಡು ಇನಿಷಿಯಲ್: ಒಂದು ಊರಿನದು, ಇನ್ನೊಂದು ಅಪ್ಪನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವು ಹೆಸರಿಗೆ ಮೊದಲು ಬಂದಿವೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಹೆಸರಾದ ಮೇಲೆ ಬಂದಿವೆ, ಆಧಾರ್‌ನಲ್ಲಿ ಒಂದೇ ಉಳಿದಿದೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗ ಖಾಲಿಯಿದೆ. ಈ ನಾಲ್ವರೂ ಒಬ್ಬಳೇ ಎಂದು ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಯ ಸೀಲು ಹಾಕಿಸಿಕೊಂಡು ಬಂದೆ. ಇಷ್ಟಾದರೂ ಮುಂದೆ ವೀಸಾ ಸಿಕ್ಕರೆ ಅದರಲ್ಲಿ ನನ್ನ ಹೆಸರು ಸರ್‌ನೇಮಿನ ಸಾಲಿಗೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ. 'ಫಸ್ಟ್ ನೇಮ್ ಅನ್‌ನೋನ್', ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ನನ್ನ ಸೋದರತ್ತೆಯ ಮಗನಿಗೆ ಹೀಗೇ ಆಗಿ, ಅಲ್ಲಿಯ ಬ್ಯಾಂಕಿನವರು ಅವನನ್ನು ಎರಡು ವರ್ಷ 'ಮಿಸ್ಟರ್ ಫನು' ಎಂದೇ ಕರೆದರಂತೆ. ಮನೆಯಲ್ಲಿ ಎಲ್ಲರೂ ಬಿದ್ದುಬಿದ್ದು ನಕ್ಕಿದ್ದೆವು. ಈಗ ನನಗೆ ನಗು ಬರುತ್ತಿಲ್ಲ.

ಇನ್ನು ಅಂಕಗಳ ಕತೆ. ನಾನು ಇಂಜಿನಿಯರಿಂಗ್ ಮುಗಿಸಿದ್ದು ಶೇ. 68ರಲ್ಲಿ. ಯಾವ ಊರಿನ ಯಾವ ಮೇಷ್ಟ್ರು ತಿದ್ದುತ್ತಾರೆಂದು ಗೊತ್ತಿಲ್ಲದ ಉತ್ತರ ಪತ್ರಿಕೆಗಳಲ್ಲಿ ಅಷ್ಟು ತೆಗೆದರೆ ಅದು ಫಸ್ಟ್ ಕ್ಲಾಸು. ಫಲಿತಾಂಶ ಬಂದ ದಿನ ಅಪ್ಪ ಬೀದಿಗೆಲ್ಲ ಸ್ವೀಟ್ ಹಂಚಿದ್ದರು. ಅದೇ 68 ಅಮೆರಿಕದ ಸಾಮಾನ್ಯ ಲೆಕ್ಕದಲ್ಲಿ 'ಡಿ' ಗ್ರೇಡು. ಪರ್ಸೆಂಟೇಜನ್ನು ಇದ್ದ ಹಾಗೇ ಬರೆಯಿರಿ, ನೀವೇ ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಬದಲಾಯಿಸಬೇಡಿ ಎಂದು ಅನೇಕ ಶಾಲೆಗಳು ಹೇಳುವುದು ನಿಜ, ಆದರೆ ಪಕ್ಕದ ಪುಟದಲ್ಲೇ ತಮ್ಮ ವಿದ್ಯಾರ್ಥಿಗಳ ಸರಾಸರಿ ಜಿಪಿಎ 4ಕ್ಕೆ 3.6, 3.7 ಎಂದು ಹೆಮ್ಮೆಯಿಂದ ಅಚ್ಚು ಹಾಕಿರುತ್ತವೆ. ಅದನ್ನು ನೋಡಿದ ಮೇಲೂ ನೆಮ್ಮದಿಯಿಂದ 68 ಎಂದು ಬರೆಯುವ ಗುಂಡಿಗೆ ಯಾರಿಗಿದೆ? ಇದರ ಮೇಲೆ ಎಂ-ತ್ರೀ, ಎಂದರೆ ಮೂರನೇ ಸೆಮಿಸ್ಟರಿನ ಗಣಿತದಲ್ಲಿ ನನ್ನದೊಂದು ಬ್ಯಾಕ್ ಬೇರೆ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಎಂ-ತ್ರೀ ಅಂದರೆ ಸಾಕು, ಭುಜ ತಟ್ಟಿ ಮುಂದೆ ಹೋಗುತ್ತಾರೆ. ಇಲ್ಲಿ ಮಾತ್ರ ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಫೋರಿಯರ್ ಸರಣಿಯಲ್ಲಿ ಫೇಲಾದದ್ದೇಕೆ ಎಂದು ಇಪ್ಪತ್ತೇಳನೇ ವಯಸ್ಸಿನಲ್ಲಿ ಪ್ರಬಂಧ ಬರೆಯುತ್ತ ಕೂತಿದ್ದೇನೆ.

ಇವೆಲ್ಲವನ್ನೂ ನುಂಗಿಕೊಂಡೇನು, ಶಿಫಾರಸು ಪತ್ರದ ವ್ಯವಸ್ಥೆಯನ್ನು ಮಾತ್ರ ನುಂಗಲಾಗುತ್ತಿಲ್ಲ. ಸಾಮಾನ್ಯವಾಗಿ ಎರಡು ಪತ್ರ ಬೇಕು, ಒಂದಾದರೂ ಈಗಿನ ಮೇಲಧಿಕಾರಿಯಿಂದಲೇ ಬಂದರೆ ಒಳ್ಳೆಯದು ಎನ್ನುತ್ತಾರೆ, ಅರ್ಜಿದಾರರ ಕೈ ಅದಕ್ಕೆ ಸೋಕಿರಬಾರದು. ಅಲ್ಲಿಯ ಆಫೀಸುಗಳಲ್ಲಿ ಇದು ಸಹಜವಿರಬಹುದು. ನಮ್ಮಲ್ಲಿ 'ಸರ್, ನಾನು ಓದಲು ಹೋಗಬೇಕೆಂದಿದ್ದೇನೆ' ಎಂದು ಬಾಯಿಬಿಟ್ಟ ದಿನವೇ ಆ ವರ್ಷದ ಪ್ರಮೋಷನ್ನಿಗೆ ಎಳ್ಳುನೀರು ಬಿಟ್ಟಂತೆ. ಪ್ರವೇಶ ಸಿಗುವುದೋ ಇಲ್ಲವೋ ಗೊತ್ತಾಗುವ ಎಷ್ಟೋ ಮೊದಲೇ, ಇರುವ ಕೆಲಸದಲ್ಲಿ ನಾವು ಹೊರಟು ನಿಂತವರಾಗಿಬಿಡುತ್ತೇವೆ. ಎರಡು ವಾರ ಹಿಂದೆ ಮುಂದೆ ನೋಡಿ, ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಮ್ಮ ಮ್ಯಾನೇಜರ್ ಒಬ್ಬರೇ ಸಿಕ್ಕಾಗ ಕೇಳಿದೆ. ಅವರು ಕೆಟ್ಟವರಲ್ಲ. ಮೊಸರನ್ನ ಕಲಸುತ್ತಲೇ, "ಅದಕ್ಕೇನಮ್ಮ, ನೀನೇ ಚೆನ್ನಾಗಿ ಬರೆದು ಕಳಿಸು, ನಾನು ಸಬ್ಮಿಟ್ ಮಾಡ್ತೀನಿ" ಎಂದರು. ಅಷ್ಟೇ ಒಳ್ಳೆಯ ಮನಸ್ಸಿನಿಂದ ಅಂದ ಮಾತು ಅದು, ಆದರೆ ಶಾಲೆಗಳ ನಿಯಮದಲ್ಲಿ ಅದು ಮೋಸ. ಹಾಗಲ್ಲ ಸರ್, ನೀವೇ ಬರೆಯಬೇಕು ಎಂದು ಹೇಳಿ, ಪ್ರಶ್ನೆಗಳನ್ನು ತೋರಿಸಿದೆ. ಅರ್ಜಿದಾರರಿಗೆ ತಿದ್ದಿಕೊಳ್ಳಲೆಂದು ನೀವು ಕೊಟ್ಟ ಅತಿ ಮುಖ್ಯವಾದ ಸಲಹೆ ಯಾವುದು, ಯಾವ ಸಂದರ್ಭದಲ್ಲಿ ಕೊಟ್ಟಿರಿ, ಅದಕ್ಕೆ ಅವರು ಹೇಗೆ ಸ್ಪಂದಿಸಿದರು ಎಂಬ ಪ್ರಶ್ನೆಯನ್ನು ಎರಡು ಸಲ ಓದಿ, "ನಾನು ನಿನಗೆ ಯಾವಾಗಮ್ಮ ಬೈದಿದ್ದೆ?" ಎಂದು ನನ್ನನ್ನೇ ಕೇಳಿದರು. ಪಾಪ, ಪತ್ರ ಸಲ್ಲಿಸಲು ಐದು ಶಾಲೆಗಳಿಂದ ಐದು ಬೇರೆ ಬೇರೆ ಲಿಂಕುಗಳು ಬರುತ್ತವೆಂದು ಅವರಿಗೆ ಆಗ ಹೇಳುವ ಧೈರ್ಯ ನನಗಾಗಲಿಲ್ಲ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಬರೆದಷ್ಟೂ ಹೊಟ್ಟೆ ಉರಿಯುತ್ತದೆ. ನಾನು ಆರಿಸಿಕೊಂಡ ಶಾಲೆಗಳಲ್ಲಿ ಒಂದೊಂದು ಅರ್ಜಿಗೆ ಸುಮಾರು 250 ಡಾಲರ್. ಐದಕ್ಕೆ ಒಂದು ಲಕ್ಷ ರೂಪಾಯಿ ದಾಟುತ್ತದೆ, ಕಾರ್ಡಿನ ಮೇಲೆ ಬ್ಯಾಂಕು ಕೀಳುವ ವಿನಿಮಯ ಶುಲ್ಕ ಬೇರೆ. ಸೀಟು ಸಿಗದಿದ್ದರೆ ಒಂದು ಪೈಸೆಯೂ ವಾಪಸಿಲ್ಲ. ಅಮೆರಿಕದ ಸೇನೆಯಲ್ಲಿರುವವರಿಗೆ ಹಲವು ಶಾಲೆಗಳು ಈ ಶುಲ್ಕವನ್ನು ಬಿಟ್ಟುಕೊಡುತ್ತವೆ. ಕೊಡಲಿ, ಬೇಡ ಎನ್ನುವುದಿಲ್ಲ. ಆದರೆ ನಮ್ಮ ರೂಪಾಯಿಯಲ್ಲಿ ಅದು ಎಷ್ಟು ತಿಂಗಳ ಮನೆ ಬಾಡಿಗೆ ಎಂದು ಆ ಶುಲ್ಕ ಗೊತ್ತುಮಾಡಿದವರು ಒಮ್ಮೆಯಾದರೂ ಲೆಕ್ಕ ಹಾಕಿದ್ದಾರೆಯೇ?

ಅರ್ಜಿಗಳ ಎರಡನೇ ಸುತ್ತಿನ ಗಡುವು ಜನವರಿಯ ಮೊದಲ ವಾರ, ಅಮೆರಿಕದ ಪೂರ್ವ ಕರಾವಳಿಯ ಸಂಜೆ ಐದು ಗಂಟೆ, ಎಂದರೆ ನಮ್ಮ ನಸುಕಿನ ಮೂರೂವರೆ. ಸರ್‌ನೇಮಿನ ಖಾನೆಯಲ್ಲಿ ಚುಕ್ಕಿ ಇಡಬಹುದೇ ಎಂದು ಒಂದು ಶಾಲೆಗೆ ಈಮೇಲ್ ಬರೆದು ಹತ್ತು ದಿನವಾಯಿತು; ಕ್ರಿಸ್‌ಮಸ್ ರಜೆ, ಹೊಸ ವರ್ಷದ ನಂತರ ಉತ್ತರಿಸುತ್ತೇವೆ ಎಂಬ ಯಾಂತ್ರಿಕ ಉತ್ತರ ಮಾತ್ರ ಬಂದಿದೆ. ಮ್ಯಾನೇಜರ್‌ಗೆ ನಿನ್ನೆ ರಾತ್ರಿ ಮೂರನೇ ಬಾರಿ ನೆನಪಿಸಿದ್ದೆ. ಇದನ್ನು ಬರೆಯುತ್ತಿರುವಾಗಲೇ ಅವರ ಮೆಸೇಜ್ ಬಂತು: "ಯಾವ ಲಿಂಕ್ ಅಮ್ಮಾ? ಇನ್ನೊಂದ್ಸಲ ಕಳಿಸು."