ಗುರುತ್ವಕ್ಕೆ ಕಾಂಪೌಂಡು ಕಟ್ಟಿದವರು ಯಾರು ಸ್ವಾಮಿ?

‘ಅಲ್ಲಿ ಮೇಲೆ ಗುರುತ್ವ ಇರಲ್ಲ’ ಅಂತ ಯಾರಾದರೂ ಅಂದರೆ ನನಗೆ ಬಿಪಿ ಏರುತ್ತದೆ. ರಿಟೈರ್ ಆದ ಮೇಲಾದರೂ ಸುಮ್ನಿರಿ ಅಂತ ಮನೆಯವಳು ಹೇಳ್ತಾನೇ ಇರ್ತಾಳೆ. ಪಿಯುಸಿ ಹುಡುಗರ ಜೊತೆ ಅಷ್ಟು ವರ್ಷ ಗಂಟಲು ಹರಿದುಕೊಂಡವನಿಗೆ ಸುಮ್ನಿರೋದು ಅಷ್ಟು ಸುಲಭವೇ?

ಮೊನ್ನೆ ತಂಗಿಯ ಮೊಮ್ಮಗನ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಲ್ಲಿ ತೇಲಾಡುವ ವಿಡಿಯೋವನ್ನು ಮುಖ್ಯ ಅತಿಥಿಗಳು ತೋರಿಸಿದರು. ‘ನೋಡಿ ಮಕ್ಕಳೇ, ಭೂಮಿಯ ಗುರುತ್ವ ಅಲ್ಲಿಗೆ ಮುಗೀತು, ಅದಕ್ಕೇ ತೇಲ್ತಾರೆ’ ಅಂದರು. ಒಬ್ಬಳು ಹುಡುಗಿ ಎದ್ದು ನಿಂತಳು. ಕೈಬೆರಳಿಗೆಲ್ಲ ಥರ್ಮಾಕೋಲ್ ಪುಡಿ ಮೆತ್ತಿಕೊಂಡಿತ್ತು. ‘ಸರ್, ಚಂದ್ರ ಇನ್ನೂ ದೂರ ಇದ್ದಾನಲ್ವಾ? ಅವನ್ಯಾಕೆ ಹಾರಿ ಹೋಗಲ್ಲ?’

‘ವೆರಿ ಗುಡ್ ಕ್ವೆಶ್ಚನ್! ದೊಡ್ಡ ಕ್ಲಾಸಿಗೆ ಹೋದಾಗ ಗೊತ್ತಾಗುತ್ತಮ್ಮ, ಕೂತ್ಕೋ.’ ಎಲ್ಲರೂ ಚಪ್ಪಾಳೆ. ಯಾಕೆ ಚಪ್ಪಾಳೆಯೋ, ಆ ಭಗವಂತನಿಗೇ ಗೊತ್ತು. ಕಾರ್ಯಕ್ರಮ ಮುಗಿದ ಮೇಲೆ ಅವಳನ್ನು ಹುಡುಕಿದೆ. ಶಾಲೆ ವ್ಯಾನ್ ಹೊರಟಾಗಿತ್ತು. ಹಾಗಾಗಿ ಈ ಸಿಟ್ಟೆಲ್ಲ ನಿಮ್ಮ ಮೇಲೆ.

ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋದಷ್ಟು. ಅಷ್ಟೆತ್ತರದ ಗೋಪುರ ಕಟ್ಟಿ, ತುದಿಯಲ್ಲಿ ತೂಕದ ಯಂತ್ರದ ಮೇಲೆ ನಿಂತರೆ 60 ಕೆ.ಜಿ.ಯವರು 53 ಕೆ.ಜಿ. ತೂಗುತ್ತಾರೆ. ತೇಲುವ ಮಾತೆಲ್ಲಿ ಬಂತು? ಜಾರಿದರೆ ನೇರ ಕೆಳಕ್ಕೇ. ಶುಕ್ಲಾ ತೇಲಿದ್ದು ಅವರೂ ನಿಲ್ದಾಣವೂ ಒಟ್ಟಿಗೆ ಬೀಳುತ್ತಲೇ ಇದ್ದದ್ದರಿಂದ. ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಪಕ್ಕಕ್ಕೆ ಓಡುತ್ತಾ ಬೀಳುತ್ತಾರೆ. ಹಾಗಾಗಿ ನೆಲ ಸಿಗುವುದೇ ಇಲ್ಲ, ಭೂಮಿಗೆ ಸುತ್ತು ಬೀಳುತ್ತದೆ.

ಚಂದ್ರನದ್ದೂ ಇದೇ ಕತೆ. ಅವನು ಭೂಮಿಯ ನಡುವಿನಿಂದ ನಮಗಿಂತ 60 ಪಟ್ಟು ದೂರ ಇದ್ದಾನೆ. ಸೆಳೆತ 60 ಸಲ 60, ಅಂದರೆ 3,600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಲ್ಲಿ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ತನ್ನ ನೇರ ದಾರಿ ಬಿಟ್ಟು ಸೆಕೆಂಡಿಗೆ ಸುಮಾರು 1.4 ಮಿಲಿಮೀಟರ್ ನಮ್ಮ ಕಡೆ ಬೀಳುತ್ತಾನೆ. ಭಾಗಿಸಿ ನೋಡಿ, ಸರಿಹೋಗುತ್ತದೆ. ನ್ಯೂಟನ್ ಮಾಡಿದ್ದೂ ಇದೇ ಲೆಕ್ಕವನ್ನೇ. ಆ ಹುಡುಗಿಗೆ ಇಷ್ಟು ಹೇಳೋಕೆ ಎಷ್ಟು ದೊಡ್ಡ ಕ್ಲಾಸ್ ಬೇಕಿತ್ತು?

ದೂರ ಎರಡರಷ್ಟಾದರೆ ಸೆಳೆತ ಕಾಲು ಭಾಗ. ಹತ್ತರಷ್ಟಾದರೆ ನೂರರಲ್ಲೊಂದು. ಹೀಗೆ ಭಾಗಿಸುತ್ತಾ ಹೋಗಿ, ಸೊನ್ನೆ ಬರುವುದೇ ಇಲ್ಲ. ‘ಇಲ್ಲಿಗೆ ಮುಗೀತು’ ಅಂತ ಬೋರ್ಡು ಹಾಕುವ ಜಾಗವೇ ಇಲ್ಲ.

ಇದನ್ನೇ ಫೋನಿನಲ್ಲಿ ಗೆಳೆಯನಿಗೆ ಹೇಳಿದೆ. ಅವನು ಬ್ಯಾಂಕಿನವನು. ‘ಲೆಕ್ಕಕ್ಕೇ ಬರದಷ್ಟು ಸಣ್ಣದಾದ ಮೇಲೆ ಇದ್ದರೇನು, ಬಿಟ್ಟರೇನೋ ಮಾರಾಯ?’ ಅಂದ. ಬಡ್ಡಿಯಲ್ಲಿ ಪೈಸೆ ಬಿಡದವನ ಬಾಯಲ್ಲಿ ಈ ಮಾತು!

ಲೆಕ್ಕಕ್ಕೆ ಬರುತ್ತದೆ, ಹೇಗೆ ಅಂತ ಕೇಳಿ. 1964–65ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅನ್ನುವ ಅಮೆರಿಕದ ವಿಜ್ಞಾನಿಗಳು ಇಡೀ ಆಕಾಶದಿಂದ ಬರುವ ಒಂದು ರೇಡಿಯೋ ಗೊರಗೊರ ಸದ್ದು ಹಿಡಿದರು. ಅದು ವಿಶ್ವದ ಆರಂಭದ ಬಿಸಿಯಲ್ಲಿ ಉಳಿದದ್ದು. ಸುಮಾರು 1,380 ಕೋಟಿ ವರ್ಷ ಹಿಂದಿನ ಆ ಆರಂಭದಿಂದ 3.8 ಲಕ್ಷ ವರ್ಷ ಕಳೆದ ಮೇಲೆ ಬಿಡುಗಡೆಯಾದ ಬೆಳಕೇ ಈಗ ರೇಡಿಯೋ ಅಲೆಯಾಗಿ ಮುಟ್ಟುತ್ತಿದೆ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ. ವ್ಯತ್ಯಾಸ ಲಕ್ಷಕ್ಕೊಂದು ಪಾಲಿನಷ್ಟು. ಎಲ್ಲಿ ಒಂಚೂರು ದಟ್ಟವಿತ್ತೋ ಅಲ್ಲಿಗೆ ಸುತ್ತಲಿನದು ಎಳೆದುಕೊಂಡು ಬಂತು. ಅದರಿಂದ ಸೆಳೆತ ಜಾಸ್ತಿಯಾಯಿತು, ಇನ್ನಷ್ಟು ಎಳೆಯಿತು. ಗೆಲಾಕ್ಸಿ, ಸೂರ್ಯ, ಭೂಮಿ, ಬ್ಯಾಂಕು, ಎಲ್ಲ ಬಂದದ್ದು ಹಾಗೆ. ಆ ಸಣ್ಣದು ಸೊನ್ನೆಯಾಗಿದ್ದರೆ ಇವನು ಫೋನ್ ಎತ್ತುತ್ತಿರಲಿಲ್ಲ.

ಹಾಗಂತ ಗುರುತ್ವ ಎಲ್ಲ ಕಡೆ ಥಟ್ಟನೆ ಮುಟ್ಟುತ್ತದೆ ಅಂತಲ್ಲ. ಅದರ ಸುದ್ದಿ ಹೋಗುವುದೂ ಬೆಳಕಿನ ವೇಗದಲ್ಲೇ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದ ಸುದ್ದಿ ಬಂತಲ್ಲ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಿಂದ. ಗುರುತ್ವದ ಅಲೆಗೂ ಗಾಮಾ ಕಿರಣಕ್ಕೂ ನಡುವೆ ಇದ್ದ ಅಂತರ ಬರೀ 1.7 ಸೆಕೆಂಡು. ಇನ್ನು ವಿಶ್ವ ಹಿಗ್ಗುವ ವೇಗವೇ ಹೆಚ್ಚುತ್ತಿದೆ ಅಂತ 1998ರಲ್ಲಿ ತಿಳಿಯಿತು. ತೀರಾ ದೂರದ ಗೆಲಾಕ್ಸಿಗಳಿಗೆ ಇವತ್ತು ಇಲ್ಲಿಂದ ಹೊರಟ ಯಾವ ಸುದ್ದಿಯೂ ಯಾವತ್ತೂ ಮುಟ್ಟಲ್ಲ. ಗೋಡೆ ಇದೆ ಅಂತಲ್ಲ, ದಾರಿಯೇ ಉದ್ದವಾಗುತ್ತಾ ಹೋಗುತ್ತದೆ.

ಅತಿಥಿಗಳು ಅಲ್ಲಿಗೂ ಬಿಡಲಿಲ್ಲ. ‘ಖಾಲಿ ಜಾಗದ ನಡುವೆ ಒಂದು ಚುಕ್ಕೆ ಇತ್ತು, ಡಮಾರ್ ಅಂತು, ವಿಶ್ವ ಹುಟ್ಟಿತು’ ಅಂದರು. ದೀಪಾವಳಿಗೆ ಬಂದಿದ್ದರೇನೋ ಪಾಪ. ಸುತ್ತ ಖಾಲಿ ಜಾಗವೂ ಇರಲಿಲ್ಲ, ನಡುವೆ ಅನ್ನೋದೂ ಇರಲಿಲ್ಲ. ಹಿಗ್ಗಿದ್ದು ಜಾಗವೇ, ಎಲ್ಲ ಕಡೆ ಒಟ್ಟಿಗೆ. ಮೊದಲ ಕ್ಷಣಕ್ಕೆ ಐನ್‌ಸ್ಟೈನರ ಗುರುತ್ವದ ಸಮೀಕರಣಗಳೂ ಕೈಚೆಲ್ಲುತ್ತವೆ, ಅದಕ್ಕಿಂತ ಹಿಂದಿನದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಇವರಿಗೆ ಮಾತ್ರ ಅಲ್ಲಿಯೂ ಗಡಿ ಬೇಕು, ಗುರುತ್ವಕ್ಕೆ ಬೇಕಾದ ಹಾಗೆ.

ನಿಜ ಹೇಳ್ತೀನಿ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಆ ಹುಡುಗಿಯ ವಯಸ್ಸಿನಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಅತಿಥಿಗಳಿಗೆ ಹೇಳೋಕೆ ಏನೂ ಇರಲಿಲ್ಲ ಅಂದರೆ ನಮ್ಮದೇ ಸುದ್ದಿ ಹೇಳಬಹುದಿತ್ತು. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ರೇಡಿಯೋ ಗುರುತು ಸಿಕ್ಕಿದೆ ಅಂತ 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಆಂಟೆನಾ ಇಟ್ಟಿದ್ದ ತಂಡವೊಂದು ಹೇಳಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ‘ಸಾರಸ್’ ಅನ್ನುವ ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು ಅಳೆದರು. ನೆಲದ ಮೇಲಿಟ್ಟರೆ ಅಡಿಯ ಮಣ್ಣು, ಕಲ್ಲು ಅಳತೆ ಕೆಡಿಸುತ್ತವೆ. ನೀರಾದರೆ ಒಂದೇ ಸಮ. ಅಂಥ ಗುರುತು ನಮಗೆ ಕಾಣಲಿಲ್ಲ ಅಂತ 2022ರಲ್ಲಿ ಪ್ರಕಟಿಸಿದರು. ಶರಾವತಿ ನೀರಿನ ಮೇಲೆ ವಿಶ್ವದ ಬಾಲ್ಯದ ತನಿಖೆ! ಜೋಗಕ್ಕೆ ಟ್ರಿಪ್ ಹೋಗುವ ಮಕ್ಕಳು ಬಾಯಿಬಿಟ್ಟು ಕೇಳುತ್ತಿರಲಿಲ್ವಾ?

ಕಾಮೆಂಟಿನಲ್ಲಿ ಜಗಳಕ್ಕೆ ಬರುವವರು ಬನ್ನಿ, ಕಾಫಿ ಕುಡಿದು ಕೂತಿದ್ದೇನೆ. ‘ಆದರೂ ಸರ್, ಮೇಲೆ ಗುರುತ್ವ ಇಲ್ಲ ಅಲ್ವಾ’ ಅಂತ ಬರೆದರೆ ಮಾತ್ರ ಬ್ಲಾಕ್. ಸಂಬಂಧಿಕರಿಗೂ ರಿಯಾಯಿತಿ ಇಲ್ಲ.