ಗಾರ್ನರ್ ಫೋಟೋಗೆ ಹಾರ್ಟ್ ಒತ್ತಿದವರಿಗೆಲ್ಲ

ಇವತ್ತೂ ಯಾರೋ ನಟ ಜೇಮ್ಸ್ ಗಾರ್ನರ್ ಫೋಟೋ ಹಾಕಿ 'ಮ್ಯಾವರಿಕ್ ಅಂದ್ರೆ ಇವರೇ' ಅಂತ ಬರೆದಿದ್ದಾರೆ. ಕೆಳಗೆ ಸಾಲುಸಾಲು ಹಾರ್ಟು. ಆ ಅಮೆರಿಕನ್ ಟಿವಿ ವೆಸ್ಟರ್ನ್ (ಕೌಬಾಯ್ ಕಥೆ) ಸರಣಿಯನ್ನ ಹುಟ್ಟಿಸಿದ ಬರಹಗಾರ-ನಿರ್ಮಾಪಕ ರಾಯ್ ಹಗ್ಗಿನ್ಸ್ ಹೆಸರು ಹುಡುಕಿದರೂ ಇಲ್ಲ. 'ಶುರುವಾಯ್ತಪ್ಪ ಇವನ ಹಳೇ ರಾಗ' ಅಂತೀರಿ, ಅನ್ನಿ.

1957ರಲ್ಲಿ ಎಬಿಸಿ ಚಾನೆಲ್ ಮ್ಯಾವರಿಕ್‌ನ ಬಿಟ್ಟಿದ್ದು ಭಾನುವಾರ ಸಂಜೆ, ಬೇರೆ ಚಾನೆಲ್‌ನ ಜನಪ್ರಿಯ ಎಡ್ ಸಲಿವನ್ ಶೋ ಎದುರಿಗೆ. ಆಗಿನ ವೆಸ್ಟರ್ನ್ ಹೀರೋ ಅನ್ಯಾಯ ಕಂಡರೆ ಬಂದೂಕಿಗೆ ಕೈ ಹಾಕೋನು. ಹಗ್ಗಿನ್ಸ್ ಹೀರೋ ಇಸ್ಪೀಟಾಡೋನು, ಹೊಡೆದಾಟ ಅಂದ್ರೆ ಹಿಂಬಾಗಿಲು ನೋಡೋನು, ಕೋಟಿನೊಳಗೆ ಸಾವಿರ ಡಾಲರ್ ನೋಟು ಪಿನ್ ಮಾಡಿಟ್ಟುಕೊಂಡೋನು. 1958ರ ಒಂದು ಕಂತಲ್ಲಿ ಬ್ಯಾಂಕಿನವನು ಹೀರೋ ಬ್ರೆಟ್ ಮ್ಯಾವರಿಕ್‌ನ (ಗಾರ್ನರ್ ಪಾತ್ರ) 15,000 ಡಾಲರ್ ನುಂಗ್ತಾನೆ. ಬ್ರೆಟ್ ಏನು ಮಾಡ್ತಾನೆ? ಹೋಟೆಲ್ ಜಗಲೀಲಿ ಕುರ್ಚಿ ಹಾಕ್ಕೊಂಡು ಕಡ್ಡಿ ಕೆತ್ತುತ್ತಾ ಕೂರ್ತಾನೆ. ಊರವರು ನಗ್ತಾರೆ. ಆ ಕಡೆ ಅವನ ಸಹೋದರ ಬಾರ್ಟ್ ಹಳೇ ಖದೀಮರನ್ನ ಕಟ್ಟಿಕೊಂಡು ಬ್ಯಾಂಕಿನವನ ತಲೆ ಬೋಳಿಸ್ತಿರ್ತಾನೆ. ಹೀರೋನ ಕುರ್ಚಿಯಿಂದ ಎಬ್ಬಿಸದೆ ಕಥೆ ಓಡಿಸೋದು ಬರೀ ನಟನ ಮುಗುಳ್ನಗೆಯಿಂದ ಆಗೋ ಕೆಲಸವಾ?

ಬಾರ್ಟ್ ಬಂದಿದ್ದೂ ಲೆಕ್ಕಕ್ಕೆ. ಒಂದು ಕಂತಿನ ಶೂಟಿಂಗ್‌ಗೆ ಎಂಟು ದಿನ, ಪ್ರಸಾರ ಏಳು ದಿನಕ್ಕೊಂದು. ವಾರಕ್ಕೊಂದು ದಿನ ಹಿಂದೆ ಬೀಳ್ತಾ ಹೋದರೆ ಸೀಸನ್ ಮುಗಿಯೋದರೊಳಗೆ ತೋರಿಸೋಕೆ ಕಂತೇ ಇರಲ್ಲ. ಹಾಗಾಗಿ ಎಂಟನೇ ಕಂತಿಗೆ ಬಾರ್ಟ್ ಆಗಿ ನಟ ಜ್ಯಾಕ್ ಕೆಲಿ ಬಂದರು, ಎರಡು ಯೂನಿಟ್ ಜೊತೆಜೊತೆಗೆ ಓಡಿದವು. ಬರಹಗಾರರಿಗೆ ಹಗ್ಗಿನ್ಸ್ ಹೇಳಿದ್ದು ಒಂದೇ: ಪಾತ್ರ ಯಾರಿಗೇ ಹೋಗಲಿ, ಗಾರ್ನರ್‌ನ ಕಣ್ಮುಂದೆ ಇಟ್ಕೊಂಡು ಬರೀರಿ. ಇಬ್ಬರೂ ಬರೋ ಸ್ಕ್ರಿಪ್ಟಲ್ಲಿ ಹೆಸರಿಲ್ಲ. ಮ್ಯಾವರಿಕ್ 1, ಮ್ಯಾವರಿಕ್ 2. ಯಾವುದು ಬೇಕು ಅನ್ನೋ ಮೊದಲ ಆಯ್ಕೆ ಗಾರ್ನರ್‌ದು.

ಇಷ್ಟೆಲ್ಲ ಮಾಡಿದ ಹಗ್ಗಿನ್ಸ್‌ಗೆ ಪರದೆ ಮೇಲೆ 'ಸೃಷ್ಟಿ' ಅನ್ನೋ ಕಾರ್ಡು ಸಿಗಲಿಲ್ಲ. ಮೊದಲ ಕಂತಾಗಬೇಕಿದ್ದದ್ದು ಅವರೇ ಬರೆದ ಕಥೆ. ಸರಣಿ ತೆಗೀತಿದ್ದ ಸ್ಟುಡಿಯೋ ವಾರ್ನರ್ ಬ್ರದರ್ಸ್ ಅದನ್ನ ಎರಡನೇದಕ್ಕೆ ತಳ್ಳಿ, ತನ್ನ ಹಕ್ಕಿನಲ್ಲಿದ್ದ ಪುಸ್ತಕವೊಂದರ ಕಥೆಯನ್ನ ಮುಂದೆ ತಂತು. ಸರಣಿ ಸ್ಟುಡಿಯೋ ಆಸ್ತಿಯಿಂದ ಹುಟ್ಟಿದೆ ಅಂತಾದರೆ ಸೃಷ್ಟಿಕರ್ತನಿಗೆ ರಾಯಲ್ಟಿ ಕೊಡಬೇಕಿಲ್ಲವಲ್ಲ! ಮರುವರ್ಷ '77 ಸನ್‌ಸೆಟ್ ಸ್ಟ್ರಿಪ್' ಅನ್ನೋ ಸರಣಿಗೂ ಅದೇ ಆಟ. ಅದರ ಪತ್ತೇದಾರ ಸ್ಟುವರ್ಟ್ ಬೇಲಿ 1946ರ ಹಗ್ಗಿನ್ಸ್ ಕಾದಂಬರಿಯವನು. ಆದರೂ ಪೈಲಟ್ (ಮೊದಲ ಪ್ರಯೋಗದ) ಕಂತನ್ನ ಕೆರಿಬಿಯನ್‌ನಲ್ಲಿ ಒಂದಿಷ್ಟು ದಿನ ಚಿತ್ರಮಂದಿರಕ್ಕೆ ಹಾಕಿ, 'ಇದು ನಮ್ಮ ಸಿನಿಮಾದಿಂದ ಬಂದದ್ದು' ಅಂದುಬಿಟ್ಟರು. ಎಂಥಾ ತಲೆ ನೋಡಿ.

'ಸಂಬಳ ತಗೊಂಡಿದ್ದರಲ್ಲ, ದುಡ್ಡು ಸ್ಟುಡಿಯೋದ್ದು ತಾನೇ' ಅಂತ ಒಬ್ಬರಾದರೂ ಬರೀತೀರಿ. ಸಂಬಳ ಕೆಲಸಕ್ಕೆ ಸ್ವಾಮಿ, ಹೆಸರು ಅಳಿಸೋಕಲ್ಲ. ಇನ್ನು, ಅವರೇನು ದೇವರೂ ಅಲ್ಲ. 1952ರಲ್ಲಿ ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಕೂತು ಹಳೇ ಕಮ್ಯುನಿಸ್ಟ್ ಗೆಳೆಯರ ಹೆಸರು ಹೇಳಿದ ಮನುಷ್ಯ. ಅದು ನನಗೆ ಇವತ್ತಿಗೂ ಚುಚ್ಚುತ್ತೆ. ಹಾಗಂತ ಮ್ಯಾವರಿಕ್ ಬೇರೆಯವರದ್ದಾಗುತ್ತಾ?

ಮ್ಯಾವರಿಕ್‌ನ ಎರಡು ಸೀಸನ್ ಮುಗಿಸಿ ಹಗ್ಗಿನ್ಸ್ ಎದ್ದು ನಡೆದರು. ಮುಂದೆ 'ದಿ ಫ್ಯುಜಿಟಿವ್' ಸರಣಿಯಲ್ಲಿ ಸೃಷ್ಟಿಕರ್ತ ಅಂತ ಹೆಸರು ಬಂತು. 1974ರಲ್ಲಿ ಬರಹಗಾರ ಸ್ಟೀಫನ್ ಕ್ಯಾನೆಲ್ ಜೊತೆ ಸೇರಿ 'ದಿ ರಾಕ್‌ಫೋರ್ಡ್ ಫೈಲ್ಸ್' ಅನ್ನೋ ಪತ್ತೇದಾರಿ ಸರಣಿ ಕಟ್ಟಿದಾಗ ಹೀರೋ ಮತ್ತೆ ಗಾರ್ನರ್ರೇ. ಆ ಹೊತ್ತಿಗೆ ಹಗ್ಗಿನ್ಸ್ ತಮ್ಮ ಕಥೆಗಳಿಗೆ ಜಾನ್ ಥಾಮಸ್ ಜೇಮ್ಸ್ ಅನ್ನೋ ಬೇರೆ ಹೆಸರು ಹಾಕ್ತಿದ್ದರು. ಮೂರು ಗಂಡುಮಕ್ಕಳ ಹೆಸರು ಜೋಡಿಸಿದ್ದು.